ಮಿಯಾಟಾದ ಎಡಗಡೆ ಹೆಡ್‌ಲೈಟ್ ಮೇಲೇಳುತ್ತಿಲ್ಲ, ಮೋಟರ್ ಬದಲಾಯಿಸಲೇಬೇಕಾ?

ಮಿಶಿಗನ್_ಮಂಜ:
ನಮಸ್ಕಾರ. ನನ್ನದು 1992ರ ಮಾಜ್ದಾ ಮಿಯಾಟಾ ಕಾರು, 1.6 ಲೀಟರ್. ಇದರ ಹೆಡ್‌ಲೈಟ್‌ಗಳು ಮುಚ್ಚಿಕೊಂಡು ಮಲಗಿರುತ್ತವೆ, ಲೈಟ್ ಹಾಕಿದಾಗ ಒಂದೊಂದನ್ನೂ ಅದರದೇ ಮೋಟರ್ ಮೇಲೆತ್ತುತ್ತದೆ. ಮೂರು ವಾರದಿಂದ ಲೈಟ್ ಹಾಕಿದರೆ ಬಲಗಡೆಯದು ಮಾತ್ರ ಏಳುತ್ತದೆ, ಎಡಗಡೆಯದು ಮಲಗಿಯೇ ಇರುತ್ತದೆ. ಸಿಗ್ನಲ್‌ನಲ್ಲಿ ಎದುರಿನವರಿಗೆ ಕಣ್ಣು ಹೊಡೆದ ಹಾಗಾಗುತ್ತೆ, ಇವಳು ಪಕ್ಕದಲ್ಲಿ ಕೂರಲ್ಲ ಅಂತಿದ್ದಾಳೆ. ಬಾನೆಟ್ ಎತ್ತಿ ಸ್ಕ್ರೂಡ್ರೈವರ್ ಹಿಡಿಯಿಂದ ಮೋಟರನ್ನು ಮೆಲ್ಲಗೆ ಕುಟ್ಟಿದರೆ ಒಮ್ಮೊಮ್ಮೆ ಎದ್ದುಬಿಡುತ್ತೆ. ಗ್ಯಾರೇಜಿನವರು ಬಿಚ್ಚಿಯೂ ನೋಡದೆ ಹೊಸ ಮೋಟರ್ ಹಾಕಿಸಿ ಅಂದರು. ನಿಜವಾಗಲೂ ಬೇಕಾ?

ಹಳೇಗಾಡಿ:
ಸುಮ್ನೆ ದುಡ್ಡು ಸುರೀಬೇಡಿ. ಎರಡು ಮೋಟರಿಗೂ ಒಂದೇ ಫ್ಯೂಸ್, ಬಲಗಡೆಯದು ಏಳ್ತಿದೆ ಅಂದಮೇಲೆ ಫ್ಯೂಸ್ ಚೆನ್ನಾಗಿದೆ. ಕುಟ್ಟಿದರೆ ಎಚ್ಚರವಾಗುತ್ತೆ ಅಂದರೆ ಹೆಚ್ಚಾಗಿ ಒಳಗಿನ ಕಾರ್ಬನ್ ಬ್ರಷ್ (ತಿರುಗೋ ಭಾಗಕ್ಕೆ ಕರೆಂಟ್ ಮುಟ್ಟಿಸೋ ತುಂಡು) ಅಂಟಿಕೊಂಡಿರುತ್ತೆ, ಇಲ್ಲಾ ಮೂವತ್ತು ವರ್ಷದ ಗ್ರೀಸ್ ಒಣಗಿ ಮೇಣವಾಗಿರುತ್ತೆ. ಮೊದಲು ಕನೆಕ್ಟರ್ ಬಿಚ್ಚಿ ನೋಡಿ. ಪಿನ್ ಮೇಲೆ ಹಸಿರು ಕಿಲುಬು ಹಿಡಿದಿದ್ದರೆ ಅದೇ ಕಳ್ಳ ಇರಬಹುದು, ನಿಮ್ಮ ಕಡೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕ್ತಾರಲ್ವಾ.

ಒಂದು ಮಾತು. ಕೈ ಹಾಕೋ ಮುಂಚೆ ಬಾನೆಟ್ ಒಳಗಿನ ಬಾಕ್ಸ್‌ನಲ್ಲಿ ರಿಟ್ರಾಕ್ಟರ್ ಅಂತ ಬರೆದಿರೋ ಫ್ಯೂಸ್ ಕಿತ್ತಿಡಿ. ಮೋಟರ್ ಇದ್ದಕ್ಕಿದ್ದ ಹಾಗೆ ತಿರುಗಿದರೆ ಬೆರಳು ಹೋಗುತ್ತೆ. ಆಮೇಲೆ ಮೋಟರ್ ತುದಿಯ ರಬ್ಬರ್ ಟೋಪಿ ತೆಗೆದರೆ ಪುಟ್ಟ ತಿರುಗಣೆ ಸಿಗುತ್ತೆ, ಅದನ್ನು ತಿರುಗಿಸುತ್ತಾ ಹೋದರೆ ಲೈಟ್ ನಿಧಾನಕ್ಕೆ ಮೇಲೆ ಬರುತ್ತೆ. ಲೈಟನ್ನೇ ಹಿಡಿದು ಎಳೀಬೇಡಿ, ಗೇರ್ ಹಲ್ಲು ಮುರಿಯುತ್ತೆ.

ವೈರಿಂಗ್_ಸೀನ, ಬೆಂಗಳೂರು:
ಇಂಥ ಕಾರು ನಾನು ಮುಟ್ಟಿಲ್ಲ, ಆದ್ರೆ ವೈಪರ್ ಮೋಟರ್ ಲೆಕ್ಕವಿಲ್ಲದಷ್ಟು ಬಿಚ್ಚಿದ್ದೀನಿ, ಎರಡೂ ಅಣ್ಣತಮ್ಮಂದಿರು. ಸ್ವಿಚ್ ಆಫ್ ಮಾಡಿದ ಮೇಲೂ ವೈಪರ್ ತನ್ನ ಜಾಗಕ್ಕೆ ಬಂದೇ ನಿಲ್ಲುತ್ತಲ್ಲ, ಇಲ್ಲೂ ಅದೇ ಉಪಾಯ. ಮೋಟರ್ ಒಂದೇ ದಿಕ್ಕಿಗೆ ತಿರುಗುತ್ತೆ, ಅರ್ಧ ಸುತ್ತಿಗೆ ಲೈಟ್ ಮೇಲೆ, ಇನ್ನರ್ಧಕ್ಕೆ ಕೆಳಗೆ. ಎಲ್ಲಿ ನಿಲ್ಲಬೇಕು ಅಂತ ಹೇಳೋದು ಒಳಗಿನ ತಾಮ್ರದ ಪಟ್ಟಿ. ಅದು ಕಪ್ಪಾದರೆ ಲೈಟ್ ನಡುದಾರಿಯಲ್ಲಿ ನಿಲ್ಲುತ್ತೆ, ಇಲ್ಲಾ ನಿಲ್ಲದೆ ಏಳು-ಬೀಳು ಆಡುತ್ತೆ. ಹೇಗೂ ಬಿಚ್ತೀರಲ್ಲ, ನಯವಾದ ಮರಳು ಕಾಗದದಲ್ಲಿ ಎರಡು ಸಲ ಉಜ್ಜಿಬಿಡಿ. ಹಳೇ ಗ್ರೀಸ್ ಪೂರ್ತಿ ಒರೆಸಿ ಬಿಳಿ ಲಿಥಿಯಂ ಗ್ರೀಸ್ ಹಾಕಿ, ಬ್ರಷ್ ಕಡೆ ಮಾತ್ರ ಒಂದು ಚೂರೂ ತಾಗಬಾರದು. ಲೈಟ್ ಎತ್ತೋ ಆರ್ಮ್ ಬಿಚ್ಚೋ ಮುಂಚೆ ಮೋಟರ್ ಶಾಫ್ಟ್ ಮೇಲೆ ಮಾರ್ಕರ್‌ನಲ್ಲಿ ಗೆರೆ ಎಳೆಯೋದು ಮರೀಬೇಡಿ.

ಹಳೇಗಾಡಿ:
ಸೀನ ಹೇಳಿದ್ದು ಸರಿ. ಮೋಟರ್ ಗುರ್ರ್ ಅಂತ ತಿರುಗುತ್ತಿದ್ದು ಲೈಟ್ ಮಾತ್ರ ಏಳದಿದ್ದರೆ ಅದು ಬೇರೆ ಕಾಯಿಲೆ. 1997ರಿಂದ 2004ರವರೆಗಿನ ಷೆವ್ರೊಲೆ ಕಾರ್ವೆಟ್ ಕಾರುಗಳಲ್ಲಿ ಹಾಗಾದರೆ ಪ್ಲಾಸ್ಟಿಕ್ ಗೇರಿನ ಹಲ್ಲು ಸವೆದಿದೆ ಅಂತ ಅರ್ಥ, ಜನ ಹಿತ್ತಾಳೆ ಗೇರ್ ಹಾಕಿಸ್ಕೊತಾರೆ. ನಿಮ್ಮದು ಅದಲ್ಲ.

ಮಿಶಿಗನ್_ಮಂಜ:
ಶನಿವಾರ ಬಿಚ್ಚಿದೆ. ಕನೆಕ್ಟರ್ ಚೆನ್ನಾಗಿತ್ತು. ಗ್ರೀಸ್ ಹಳೇ ಬೆಲ್ಲದ ಹಾಗೆ ಗಟ್ಟಿಯಾಗಿತ್ತು, ಟೂತ್‌ಪಿಕ್‌ನಲ್ಲಿ ಕೆರೆದು ತೆಗೆಯೋಕೇ ಒಂದು ಗಂಟೆ. ಒಂದು ಬ್ರಷ್ ತನ್ನ ಗೂಡಲ್ಲೇ ಸಿಕ್ಕಿಕೊಂಡಿತ್ತು, ಪುಡಿ ಒರೆಸಿದ ಮೇಲೆ ಸ್ಪ್ರಿಂಗ್ ಸಲೀಸಾಗಿ ತಳ್ಳುತ್ತಿದೆ. ಖರ್ಚು ಬರೀ ಗ್ರೀಸ್ ಟ್ಯೂಬಿಂದು. ಈಗ ಎಡಗಡೆಯದೇ ಮೊದಲು ಏಳುತ್ತೆ, ಬಲಗಡೆಯದು ಸ್ವಲ್ಪ ಸೋಮಾರಿ. ಮುಂದಿನ ವಾರ ಅದರ ಸರದಿ.

ಹಳೇಗಾಡಿ:
ಭೇಷ್! ಹಿಮ ಬೀಳೋ ರಾತ್ರಿ ಡ್ಯಾಶ್‌ಬೋರ್ಡ್ ಬಟನ್ ಒತ್ತಿ ಲೈಟ್ ಎತ್ತಿಯೇ ನಿಲ್ಲಿಸಿ. ಮುಚ್ಚಳ ಹೆಪ್ಪುಗಟ್ಟಿ ಕೂತರೆ ಬೆಳಿಗ್ಗೆ ಮೋಟರ್ ಪಾಪ ಒದ್ದಾಡುತ್ತೆ.