ಇಯರ್‌ಫೋನ್ ಹಚ್ಚಿದ ಕೂಡಲೇ ಗ್ರೌಂಡ್ ಜಾರತೈತಿ: 9 ವೋಲ್ಟಿನ ಸಿಮೋಯ್ ಆಂಪ್ ಪ್ರಶ್ನೋತ್ತರ

ಪ್ರಶ್ನೆ (ಗದಗ):
ಸರ, ನಮಸ್ಕಾರ್ರಿ. 9 ವೋಲ್ಟ್ ಬ್ಯಾಟರಿ ಮ್ಯಾಲೆ ನಡಿಯೋ ಸಿಮೋಯ್ ಹೆಡ್‌ಫೋನ್ ಆಂಪ್, ಅಂದ್ರ ಮೊಬೈಲಿನ ದನಿ ಇಯರ್‌ಫೋನ್‌ಗೆ ಜೋರು ಮಾಡೋ ಸಣ್ಣ ಬೋರ್ಡ್ ಕಟ್ಟೀನಿ. ಚು ಮೋಯ್ ಅವರ ಮೂಲ ನಕ್ಷೆನ ಹಿಡಿದೀನ್ರಿ. ಮೊದಲ 10ಕೆ (10 ಸಾವಿರ ಓಮ್) ವಾಲ್ಯೂಮ್, ಅದರ ಮುಂದ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್, ಅಲ್ಲಿಂದ ಗ್ರೌಂಡ್‌ಗೆ 100ಕೆ. ಗೇನ್‌ಗೆ (ದನಿ ಎಷ್ಟು ಪಟ್ಟು ಏರಬೇಕು ಅನ್ನೂದಕ್ಕ) 1ಕೆ, 10ಕೆ. ನಡುವಿನ ಗ್ರೌಂಡ್‌ಗೆ ಎರಡು 4.7ಕೆ, ಎರಡು 220 ಮೈಕ್ರೊಫ್ಯಾರಡ್. ಎಲ್‌ಇಡಿಗೆ 470 ಓಮ್. ದನಿ ಏರಿಸೋ ಐಸಿ ಓಪಿಎ2134 ಸಿಗಲಿಲ್ಲ, ಎನ್‌ಇ5532 ಹಾಕೀನಿ. ಇಯರ್‌ಫೋನ್ 32 ಓಮ್‌ದು.
ದನಿ ಹರಿದ ಹರಿದ ಬರತೈತಿ, ಸುಂಯ್ ಅನ್ನೋ ಸದ್ದೂ ಜಾಸ್ತಿ. ಗ್ರೌಂಡ್‌ನಿಂದ ಅಳದ್ರ ಇಯರ್‌ಫೋನ್ ಇಲ್ಲದಾಗ ಪ್ಲಸ್ 4.5, ಮೈನಸ್ 4.4. ಹಚ್ಚಿದಾಗ ಪ್ಲಸ್ 7.2, ಮೈನಸ್ 1.7 ಆಗತೈತಿ. ಮ್ಯಾಲೆ 200 ಎಂಎಎಚ್ ಬರೆದಿರೋ ಚಾರ್ಜ್ ಸೆಲ್ ಏಳ ತಾಸಿಗೆ ಮುಗೀತೈತಿ. ಒಟ್ಟು ಕರೆಂಟ್ 25 ಮಿಲಿ ಆಂಪಿಯರ್. ಐಸಿ ಡುಪ್ಲಿಕೇಟ್ ಇರಬಹುದೇನ್ರಿ?

ಉತ್ತರ:
ಐಸಿ ಅಸಲಿನ ಇದ್ದಂಗ ಕಾಣತೈತಿ. ಡುಪ್ಲಿಕೇಟ್ ಅಂತ ತಗದು ಒಗೀಬ್ಯಾಡ್ರಿ. ಅದು ಮಾಡಬೇಕಾದ್ದನ್ನ ಮಾಡಾಕತ್ತೈತಿ, ಈ ನಕ್ಷೆಗೆ ಅದು ಹೊಂದೂದಿಲ್ಲ ಅಷ್ಟ. ನೀವು ಅಳತಿ ಕೊಟ್ಟು ಕೇಳಿದ್ದಕ್ಕ ತಪ್ಪು ಎಲ್ಲೈತಿ ಅಂತ ಕೂತಲ್ಲೇ ಹೇಳಾಕ ಬರತೈತಿ.

ಬ್ಯಾಟರಿಗೆ ಎರಡ ಕಾಲು, ಈ ಆಂಪ್‌ಗೆ ಮೂರು ಬೇಕು. ಮೂರನೇದನ್ನ, ಅಂದ್ರ ನಡುವಿನ ಗ್ರೌಂಡ್‌ನ, ಆ ಎರಡು 4.7ಕೆ ರೆಸಿಸ್ಟರ್ ಹಿಡಕೊಂಡು ನಿಂತಾವ. ಅವುಗಳ ಬಲ ಬಾಳ ಸಣ್ಣದು. ಗ್ರೌಂಡ್‌ನಿಂದ 1 ಮಿಲಿ ಆಂಪಿಯರ್ ಡಿಸಿ ಎಳದ್ರ ಅದು 2.35 ವೋಲ್ಟ್ ಜಾರತೈತಿ, ಯಾಕಂದ್ರ ಎರಡು 4.7ಕೆ ಸೇರಿ ಅಲ್ಲೆ 2.35ಕೆ ಆಗಿ ಕೂತಾವ. ಆಡಿಯೋ ಕರೆಂಟ್‌ನ 220 ಮೈಕ್ರೊಫ್ಯಾರಡ್ ಕೆಪಾಸಿಟರ್ ಹೊರತಾವ, ಡಿಸಿಯನ್ನ ಅವು ಹೊರೂದಿಲ್ಲ.

ಈಗ ಡಿಸಿ ಎಲ್ಲಿಂದ ಬಂತು ನೋಡ್ರಿ. 5532ರ ಒಳಗಿರೂದು ಬೈಪೋಲಾರ್ ಟ್ರಾನ್ಸಿಸ್ಟರ್. ಅದರ ಇನ್‌ಪುಟ್ ಪಿನ್ ಸುಮಾರು 200 ನ್ಯಾನೊ ಆಂಪಿಯರ್ ಕರೆಂಟ್ ಕುಡೀತೈತಿ. ಆ ಕರೆಂಟ್ ನಿಮ್ಮ 100ಕೆ ಮೂಲಕ ಬರಬೇಕು, ಅಲ್ಲೆ 20 ಮಿಲಿ ವೋಲ್ಟ್ ಬೀಳತೈತಿ. ಗೇನ್ 11 ಇರೂದ್ರಿಂದ ಔಟ್‌ಪುಟ್‌ನ್ಯಾಗ ಅದು 220 ಮಿಲಿ ವೋಲ್ಟ್. 32 ಓಮ್ ಕಾಯಿಲ್ ಹಚ್ಚಿದ್ರ ಒಂದೊಂದು ಕಿವಿಗೆ ಸುಮಾರು 7 ಮಿಲಿ ಆಂಪಿಯರ್, ಎರಡೂ ಸೇರಿ 14. ಗ್ರೌಂಡ್ ಕೊಡಾಕ ಆಗೂದು ಹೆಚ್ಚಂದ್ರ 2. ಅದಕ್ಕ ಗ್ರೌಂಡ್ ಮೈನಸ್ ಕಡೆ ಕುಸಿದು, ಐಸಿ ಇನ್ನ ಕೆಳಗ ಇಳಿಯಾಕ ಆಗದಂಗ ಆದಾಗ ನಿಂತೈತಿ. ನಿಮ್ಮ 1.7 ವೋಲ್ಟ್ ಅಂದ್ರ ಇದ. ಕೆಳಗ ಜಾಗ ಇಲ್ಲದ್ದಕ್ಕ ದನಿಯ ಕೆಳಗಿನ ಅರ್ಧ ಕತ್ತರಿಸಿ ಹೋಗಿ ಹರದಂಗ ಕೇಳತೈತಿ.

ಓಪಿಎ2134 ಎಫ್‌ಇಟಿ ಇನ್‌ಪುಟ್‌ದು, ಎಫ್‌ಇಟಿ ಅಂದ್ರ ಇನ್‌ಪುಟ್‌ನ್ಯಾಗ ಕರೆಂಟ್ ಕುಡಿಯದಂಥಾ ಬ್ಯಾರೆ ಥರದ ಟ್ರಾನ್ಸಿಸ್ಟರ್. ಅದು ಕುಡಿಯೂದು 5 ಪಿಕೊ ಆಂಪಿಯರ್, ಅಂದ್ರ ನಲವತ್ತು ಸಾವಿರ ಪಟ್ಟು ಕಡಿಮಿ. ಮೂಲ ನಕ್ಷೆಯ 100ಕೆ ಅಂಥಾ ಐಸಿ ನಂಬಿ ಇಟ್ಟದ್ದು. 5532ನ್ನ ಉಳಿಸಿಕೊಳ್ಳಬೇಕಂದ್ರ 100ಕೆ ತಗದು 10ಕೆ ಮಾಡಬೇಕು, ಬಾಸ್ ಹೋಗಬಾರದಂದ್ರ 0.1ರ ಜಾಗಾಕ್ಕ 1 ಮೈಕ್ರೊಫ್ಯಾರಡ್ ಹಾಕಬೇಕು, ಗೇನ್‌ನ 1ಕೆ ಕೆಳಗ 220 ಮೈಕ್ರೊಫ್ಯಾರಡ್ ಸೀರೀಸ್ ಕೊಟ್ಟು ಡಿಸಿ ಗೇನ್ ಒಂದಕ್ಕ ಇಳಿಸಬೇಕು. ಮೂರೂ ಮಾಡಿದ್ರ ನಡೀತೈತಿ, ಒಂದ ಮಾಡಿದ್ರ ಸಾಲೂದಿಲ್ಲ. ನನ್ನ ಮಾತು ಕೇಳೂದಾದ್ರ ಐಸಿನ ಬದಲ ಮಾಡ್ರಿ. ಓಪಿಎ2132 ಸಿಕ್ಕರೂ ಅಷ್ಟ ಚಲೋ. ಟಿಎಲ್072 ಎಲ್ಲಾ ಅಂಗಡ್ಯಾಗ ಸಿಗತೈತಿ, ಅದೂ ಎಫ್‌ಇಟಿನ, ಆದ್ರ 32 ಓಮ್ ಎಳಿಯೋ ತಾಕತ್ತು ಅದಕ್ಕಿಲ್ಲ.

ಗೇನ್ ಬಗ್ಗೆ. ಮೊಬೈಲ್‌ನಿಂದ ಅರ್ಧ ವೋಲ್ಟಿಗಿಂತ ಮ್ಯಾಲೆನ ಸಿಗತೈತಿ. ಮಿಲಿ ವ್ಯಾಟ್‌ಗೆ 100 ಡೆಸಿಬೆಲ್ ಕೊಡೋ 32 ಓಮ್ ಇಯರ್‌ಫೋನ್‌ಗೆ ಆ 100 ಡೆಸಿಬೆಲ್‌ಗೆ ಬೇಕಾದ್ದು ಬರೀ 0.18 ವೋಲ್ಟ್. 11 ಪಟ್ಟು ಗೇನ್ ನಿಮಗ ಬೇಕಾಗೇ ಇಲ್ಲ. ಗೇನ್‌ನ 10ಕೆ ತಗದು 2.2ಕೆ ಹಾಕ್ರಿ, ಗೇನ್ 3.2 ಆಗತೈತಿ. ಐಸಿಯ ಸುಂಯ್ ಸದ್ದು ಹತ್ತು ಡೆಸಿಬೆಲ್‌ಗಿಂತ ಹೆಚ್ಚು ಇಳೀತೈತಿ, ಐಸಿಯ ಸ್ವಂತ ಆಫ್‌ಸೆಟ್ಟೂ (ಅದರೊಳಗ ತಾನ ಹುಟ್ಟೋ ಸಣ್ಣ ಡಿಸಿ) ಅಷ್ಟ ಕಡಿಮಿ ಹಿಗ್ಗತೈತಿ. 1ಕೆಯನ್ನ ಏರಿಸಿಯೂ ಗೇನ್ ಇಳಿಸಬಹುದು, ಆದ್ರ ರೆಸಿಸ್ಟರ್ ದೊಡ್ಡದಾದಷ್ಟು ಅದರದ ಸದ್ದು ಕೂಡತೈತಿ.

ಸೆಲ್ ಬಗ್ಗೆ ಲೆಕ್ಕ ಸರಳ. ಎಲ್‌ಇಡಿ ಮ್ಯಾಲೆ 2 ವೋಲ್ಟ್ ಬಿಟ್ಟು ಉಳಿದ 6.9 ವೋಲ್ಟ್ 470 ಓಮ್‌ಗೆ ಬಿದ್ರ 15 ಮಿಲಿ ಆಂಪಿಯರ್. ಐಸಿ 8, ಡಿವೈಡರ್ (ಆ ಎರಡು 4.7ಕೆ) 1. ದೀಪ ಐಸಿಗಿಂತ ಎರಡು ಪಟ್ಟು ತಿನ್ನಾಕತ್ತೈತಿ. 470 ತಗದು 10ಕೆ ಹಾಕ್ರಿ, ಈಗಿನ ಎಲ್‌ಇಡಿ 0.7 ಮಿಲಿ ಆಂಪಿಯರ್‌ನ್ಯಾಗೂ ಕಾಣೂವಷ್ಟು ಬೆಳಗತೈತಿ. ಒಟ್ಟು 10 ಆದ್ರ 200 ಎಂಎಎಚ್ ಸೆಲ್ ಇಪ್ಪತ್ತು ತಾಸಿನ ಹತ್ತಿರ ಬರತೈತಿ. ಅದು ಏಳು ಕೋಶದ್ದಿದ್ರ 7 ವೋಲ್ಟ್‌ಗೆ ಬಂದಾಗ ನಿಲ್ಲಿಸಿ ಚಾರ್ಜ್ ಮಾಡ್ರಿ, ಇನ್ನ ಕೆಳಗ ಎಳದ್ರ ಒಳಗಿನ ಬಡವ ಕೋಶ ಉಲ್ಟಾ ಚಾರ್ಜ್ ಆಗಿ ಸಾಯತೈತಿ.

ಬದಲ ಮಾಡಿದ ಮ್ಯಾಲೆ ಮೊದಲ ಇಯರ್‌ಫೋನ್ ಹಚ್ಚಬ್ಯಾಡ್ರಿ. ಜ್ಯಾಕ್‌ಗೆ ಎರಡು 33 ಓಮ್ ರೆಸಿಸ್ಟರ್ ಕೊಟ್ಟು, ಪಿನ್ 1 ಮತ್ತು ಪಿನ್ 7ರಿಂದ ಗ್ರೌಂಡ್‌ಗೆ ಡಿಸಿ ಅಳೀರಿ. ಒಂದೊಂದರಾಗ 10 ಮಿಲಿ ವೋಲ್ಟ್ ಒಳಗ ಇರಲಿ. ಐಸಿ ಸಾಕೆಟ್‌ನ್ಯಾಗ ಕೂಡಸೂ ಮುಂಚೆ ಗುರುತಿನ ಕಡೆ ನೋಡ್ರಿ, ಉಲ್ಟಾ ಹಾಕಿ ಸ್ವಿಚ್ ಒತ್ತಿದ್ರ ಐಸಿ ಹೋತು ಅಂತ ತಿಳೀರಿ.

ಇನ್ನೊಬ್ಬರ ಉತ್ತರ (ಹುಬ್ಬಳ್ಳಿ):
ಸರ್ ಹೇಳಿದ್ದಕ್ಕ ಒಂದು ಸೇರಸ್ತೀನ್ರಿ. ನಕ್ಷೆಯೊಳಗ ಪಿನ್ 4 ಮತ್ತು 8ರ ನಡುವ 0.1 ಮೈಕ್ರೊಫ್ಯಾರಡ್ ಸೆರಾಮಿಕ್ ಇಲ್ಲದಿದ್ರ ಹಾಕ್ರಿ, ಐಸಿ ಸಾಕೆಟ್ಟಿನ ಬುಡದಾಗ, ಕಾಲು ಗಿಡ್ಡ ಮಾಡಿ. 220 ಮೈಕ್ರೊಫ್ಯಾರಡ್ ಐತಲ್ಲಾ ಅಂತ ಬಿಡಬ್ಯಾಡ್ರಿ, ಅದು ಮೇಲಿನ ಫ್ರಿಕ್ವೆನ್ಸಿಗೆ ಕೆಲಸಕ್ಕ ಬರೂದಿಲ್ಲ. ಓಪಿಎ2134 ವೇಗದ ಐಸಿ, ಇದಿಲ್ಲಂದ್ರ ಕಿವಿಗೆ ಕೇಳದ ಫ್ರಿಕ್ವೆನ್ಸಿಯೊಳಗ ತಾನ ಕುಣಿಯಾಕ ಶುರು ಮಾಡಬಹುದು. ಗುರುತು ಹೆಂಗಂದ್ರ, ಹಾಡು ಹಚ್ಚದಿದ್ರೂ ಐಸಿ ಬೆರಳಿಗೆ ಬಿಸಿ ಹತ್ತತೈತಿ, ಕರೆಂಟ್ 10 ಇರಬೇಕಾದ್ದು 30 ದಾಟತೈತಿ. ಉದ್ದ ಕೇಬಲ್ ಹಚ್ಚಿದಾಗ ಮಾತ್ರ ಹಿಂಗಾದ್ರ ಔಟ್‌ಪುಟ್ ದಾರ್ಯಾಗ ಎರಡೂ ಕಡೆ 10 ಓಮ್ ಸೀರೀಸ್ ಕೊಡ್ರಿ.

ಪ್ರಶ್ನೆ (ಹಾವೇರಿ):
ಸರ್, ನಮ್ಮದೂ ಇದ ಆಂಪ್, ಪೆಪ್ಪರ್‌ಮಿಂಟಿನ ತಗಡಿನ ಡಬ್ಬ್ಯಾಗ ಕೂಡಿಸೇವಿ. ಬ್ಯಾಟರಿ ಬದಲು ಪವರ್ ಬ್ಯಾಂಕ್‌ಗೆ 5ರಿಂದ 9 ವೋಲ್ಟ್ ಮಾಡೋ ಸಣ್ಣ ಬೋರ್ಡ್ ಹಚ್ಚೇವಿ. ಆಂಪ್ ಒಂದ ಇದ್ದಾಗ ಸರಿ ಇರತೈತಿ. ಅದ ಪವರ್ ಬ್ಯಾಂಕಿಗೆ ಮೊಬೈಲನ್ನೂ ಚಾರ್ಜಿಗೆ ಇಟ್ರ ಹಾಡು ಸತ್ತಂಗಾಗತೈತಿ. ಯಾಕ್ರಿ?

ಉತ್ತರ:
ಅಕ್ಕಾರ, ಮೊದಲ ಆ ಮೊಬೈಲ್ ಚಾರ್ಜಿನ ವೈರ್ ತಗೀರಿ. ಮೊಬೈಲಿನ ಆಡಿಯೋ ಗ್ರೌಂಡ್ ಅಂದ್ರ ಅದರ ಯುಎಸ್‌ಬಿ ಮೈನಸ್. ಆಂಪಿನ ಜ್ಯಾಕ್ ಗ್ರೌಂಡ್ ಮೈನಸ್‌ಗಿಂತ 4.5 ವೋಲ್ಟ್ ಮ್ಯಾಲಿರೋ ನಡುವಿನ ಗ್ರೌಂಡ್. ಆ ಸಣ್ಣ ಬೋರ್ಡಿನ ಒಳಗೂ ಹೊರಗೂ ಮೈನಸ್ ಒಂದ. ಹಿಂಗಾಗಿ ಆಡಿಯೋ ವೈರಿನ ಹೊರಗಿನ ಕವಚದ ಮೂಲಕ ನಡುವಿನ ಗ್ರೌಂಡ್ ಮೈನಸ್‌ಗೆ ಶಾರ್ಟ್ ಆತು. ಒಂದು ಕಡೆ 9 ವೋಲ್ಟ್, ಇನ್ನೊಂದು ಕಡೆ ಸೊನ್ನೆ, ಆಂಪ್ ಹೆಂಗ ನಡೀಬೇಕು? ಒಂದ ಕಂಪ್ಯೂಟರಿನ ಯುಎಸ್‌ಬಿಯಿಂದ ಆಂಪ್‌ಗೆ ಕರೆಂಟ್ ಕೊಟ್ಟು ಅದರಿಂದನ ಹಾಡು ತಗೊಂಡ್ರೂ ಇದ ಆಗತೈತಿ. ಪವರ್ ಬ್ಯಾಂಕ್ ಆಂಪ್‌ಗೆ ಒಂದಕ್ಕ ಇರಲಿ, ಮೊಬೈಲ್ ತನ್ನ ಬ್ಯಾಟರಿ ಮ್ಯಾಲೆ ನಡೀಲಿ.

ತಗಡಿನ ಡಬ್ಬ್ಯಾಗೂ ಇಂಥಾದ ತೊಂದರಿ ಬರಬಹುದು. ಆಡಿಯೋ ಜ್ಯಾಕಿನ ಲೋಹದ ಕತ್ತು ತಗಡಿಗೆ ಮುಟ್ಟಿದ್ರ ಡಬ್ಬಿ ನಡುವಿನ ಗ್ರೌಂಡ್ ಆಗತೈತಿ, ಅದು ಚಲೋನ, ಹೊರಗಿನ ಸದ್ದು ತಡೀತೈತಿ. ಆದ್ರ ಕರೆಂಟ್ ಕೊಡೋ ಡಿಸಿ ಸಾಕೆಟ್ಟಿನ ಕತ್ತು ಮೈನಸ್ ಇರತೈತಿ, ಅದೂ ತಗಡಿಗೆ ಮುಟ್ಟಿದ್ರ ಮತ್ತ ಅದ ಶಾರ್ಟ್. ಡಿಸಿ ಸಾಕೆಟ್ ಪ್ಲಾಸ್ಟಿಕ್‌ದು ಹಾಕ್ರಿ, ಬೋರ್ಡಿನ ಅಡಿಗೆ ದಪ್ಪ ರಟ್ಟು ಇಡ್ರಿ. ಪವರ್ ಬ್ಯಾಂಕಿನ ವೈರ್ ತಗದು ಮೀಟರ್ ಬೀಪ್‌ಗೆ ಇಟ್ಟು ಡಬ್ಬಿಗೂ ಮೈನಸ್‌ಗೂ ಹಿಡೀರಿ. ಬೀಪ್ ಬರಬಾರದು.

ಪ್ರಶ್ನೆ (ಧಾರವಾಡ):
ಓಪಿಎ2134 ಅಂತ ಬರೆದ ಐಸಿ ಬಾಳ ಸೋವಿಗೆ ಬಂದಾವ. ಮನ್ಯಾಗ ಹೆಂಗ ಪರೀಕ್ಷೆ ಮಾಡೂದ್ರಿ?

ಉತ್ತರ:
ಎರಡು ಅಳತಿ ಸಾಕು. ಎಲ್‌ಇಡಿ, ಡಿವೈಡರ್ ಲೆಕ್ಕ ಕಳದು ಐಸಿ ಒಂದ ಎಷ್ಟು ತಗೋತೈತಿ ನೋಡ್ರಿ. ಅಸಲಿ ಸುಮಾರು 8 ಮಿಲಿ ಆಂಪಿಯರ್. 3ರ ಆಸುಪಾಸು ಬಂದ್ರ ಟಿಎಲ್072 ಥರದ್ದಕ್ಕ ಬ್ಯಾರೆ ಹೆಸರು ಬರದಾರ. 5532ನೂ 8ರ ಹತ್ತಿರನ ತಗೋತೈತಿ, ಅದಕ್ಕ ಎರಡನೇ ಅಳತಿ: 100ಕೆ, ಗೇನ್ 11ರ ಬೋರ್ಡಿನ್ಯಾಗ ಏನೂ ಹಚ್ಚದ ಔಟ್‌ಪುಟ್ ಡಿಸಿ ನೋಡ್ರಿ. ಅಸಲಿ 2134ರಾಗ 22 ಮಿಲಿ ವೋಲ್ಟ್ ದಾಟಬಾರದು. ಎರಡೂ ಕಡೆ ಮೈನಸ್ 100, 200 ಹಿಂಗ ತೋರಿಸಿದ್ರ ಒಳಗಿರೂದು ಎಫ್‌ಇಟಿ ಅಲ್ಲ. ಎರಡರಾಗೂ ಪಾಸಾತಂದ್ರ ಅಸಲಿನ ಅಂತ ಗ್ಯಾರಂಟಿ ಇಲ್ಲ, ಆದ್ರ ಈ ಬೋರ್ಡಿಗೆ ನಡೀತೈತಿ.

ಮತ್ತ ಪ್ರಶ್ನೆ (ಗದಗ):
ಸರ, ಎಲ್ಲಾ ಮಾಡೀನ್ರಿ. ಹುಬ್ಬಳ್ಳ್ಯಾಗ ಓಪಿಎ2134 ಸಿಕ್ತು. 2.2ಕೆ ಹಾಕೀನಿ, ಎಲ್‌ಇಡಿಗೆ 10ಕೆ. ಔಟ್‌ಪುಟ್ ಎಡಕ್ಕ ಮೈನಸ್ 1.6, ಬಲಕ್ಕ ಮೈನಸ್ 1.2 ಮಿಲಿ ವೋಲ್ಟ್. ಇಯರ್‌ಫೋನ್ ಹಚ್ಚಿದಾಗ ಪ್ಲಸ್ 4.6, ಮೈನಸ್ 4.2. ಕರೆಂಟ್ 10. ದನಿ ಸ್ವಚ್ಛ ಐತಿ. ಆದ್ರ ರಾತ್ರಿ ಬಾಳ ಸಣ್ಣ ಇಟ್ಟಾಗ ಎಡಗಿವಿಗೆ ಜಾಸ್ತಿ ಬಂದಂಗ ಅನಸತೈತಿ. ಈ 4.6, 4.2 ಫರಕಿನಿಂದ ಏನ್ರಿ?

ಉತ್ತರ:
ಅಲ್ಲರಿ. ಆ 0.2 ವೋಲ್ಟ್ ಜಾರಿಕೆ ನಿಮ್ಮ 1.6 ಮತ್ತು 1.2ರ ಲೆಕ್ಕಕ್ಕ ಸರಿಯಾಗಿ ಕೂಡತೈತಿ, ಅದರಿಂದ ತೊಂದರಿ ಇಲ್ಲ. ಎಡ-ಬಲದ ಫರಕು ವಾಲ್ಯೂಮಿಂದು. ಒಳಗಿನ ಎರಡು ಪಟ್ಟಿ ಶುರುವಿನ ತುದಿಯೊಳಗ ಒಂದಕ್ಕೊಂದು ಹೊಂದೂದಿಲ್ಲ, ಸೋವಿ ವಾಲ್ಯೂಮ್‌ನ್ಯಾಗಂತೂ ಹೆಚ್ಚು.

ಖಾತ್ರಿ ಮಾಡಿಕೊಳ್ಳಾಕ ಮೊನೊ ರೆಕಾರ್ಡಿಂಗ್ ಹಚ್ರಿ. ನಮ್ಮ ಕಡೆಯವರಿಗೆ ಅದಕ್ಕೇನು ಕಡಿಮಿ ಇಲ್ಲ, ಗಂಗೂಬಾಯಿ ಹಾನಗಲ್ ಅವರ, ಮಲ್ಲಿಕಾರ್ಜುನ ಮನಸೂರರ ಹಳೇ 78 ಆರ್‌ಪಿಎಂ ಪ್ಲೇಟಿನ ಹಾಡು ಮೊನೊನ. ಅವರ ದನಿ ತಲಿಯ ನಟ್ಟ ನಡುವ ನಿಲ್ಲಬೇಕು. ಇಯರ್‌ಫೋನ್ ಎಡ-ಬಲ ಅದಲು ಬದಲು ಹಾಕ್ಕೊಂಡು ನೋಡ್ರಿ. ದನಿ ಅತ್ತಿಂದಿತ್ತ ಸರದ್ರ ಆಂಪಿಂದು, ಇಲ್ಲಾ ಇಯರ್‌ಫೋನಿಂದು. ಅದ ಕಿವಿಯೊಳಗ ಉಳದ್ರ ನಿಮ್ಮ ಕಿವಿ ಅಥವಾ ಇಯರ್‌ಫೋನ್ ಕೂತ ರೀತಿ. ಆಮ್ಯಾಲೆ ವಾಲ್ಯೂಮ್ ನಿಧಾನ ತಿರುವ್ರಿ. ಒಂಬತ್ತು ಗಂಟೆ ಜಾಗ ದಾಟಿದ ಮ್ಯಾಲೆ ದನಿ ನಡುವಕ್ಕ ಬಂದು ನಿಂತ್ರ ವಾಲ್ಯೂಮ್ ಬದಲ ಮಾಡೂ ಅಗತ್ಯ ಇಲ್ಲ. ಮೊಬೈಲಿನ ದನಿ ಸ್ವಲ್ಪ ಇಳಿಸಿ ಆಂಪಿನ ಗುಂಡಿ ಮ್ಯಾಲೆ ಏರಿಸಿ ಕೇಳ್ರಿ. ಅಲ್ಲೂ ನಿಲ್ಲದಿದ್ರ 10ಕೆ ಲಾಗ್ ಡ್ಯುಯಲ್ ಹೊಸಾದು ತರ್ರಿ, ಮ್ಯಾಲೆ ಎ10ಕೆ ಅಂತ ಬರದಿರತೈತಿ. ಬಿ10ಕೆ ತರಬ್ಯಾಡ್ರಿ, ಅದು ಲೀನಿಯರ್, ಸ್ವಲ್ಪ ತಿರುವಿದ್ರ ಸಾಕು ಪೂರಾ ಜೋರಾಗತೈತಿ. ಹಾಕೂ ಮುಂಚೆ ಎರಡೂ ಪಟ್ಟಿಯನ್ನ ಅರ್ಧ ಮತ್ತು ಕಾಲು ತಿರುವಿನ ಜಾಗದಾಗ ಮೀಟರ್‌ಲೆ ಅಳದು, ಓಮ್ ಒಂದಕ್ಕೊಂದು ಹತ್ತಿರ ಇದ್ದದ್ದನ್ನ ಅಂಗಡ್ಯಾಗ ಆರಿಸಿಕೊಳ್ರಿ.