ಸಹಾಯ ಬೇಕು: 200-500 ಎಂಎಂ ಲೆನ್ಸ್ ಕೊಳ್ಳಲೋ, 150-600 ಕೊಳ್ಳಲೋ?

ಕ್ಯಾಮೆರಾ ಬಾಡಿ ನಿಕಾನ್ ಡಿ7500. ರಂಗನತಿಟ್ಟಿನ ದೋಣಿಯಿಂದ ಹಾರುವ ಹಕ್ಕಿಗಳನ್ನು ತೆಗೆಯಲು ಲೆನ್ಸ್ ಬೇಕು. ದೋಣಿ ಅಲುಗುವುದರಿಂದ ಟ್ರೈಪಾಡ್ ದಂಡ, ಕೈಯಲ್ಲೇ ಹಿಡಿಯಬೇಕು. ನಿಕಾನ್ 200-500 ಎಫ್/5.6 ತೂಕ 2.3 ಕೆಜಿ, ಸಿಗ್ಮಾ 150-600 ಕಂಟೆಂಪರರಿ ಸುಮಾರು 1.9 ಕೆಜಿ. ಸಿಗ್ಮಾ 600ರಲ್ಲಿ ಎಫ್/6.3, ಅಂದರೆ ನಿಕಾನ್‌ಗಿಂತ ಸ್ವಲ್ಪ ಕಡಿಮೆ ಬೆಳಕು; ಮುಂಜಾನೆ 1/2000 ಸೆಕೆಂಡ್ ಶಟರ್‌ಗೆ ಐಎಸ್‌ಒ (ಬೆಳಕಿನ ಸೂಕ್ಷ್ಮತೆ) 2500 ಸಾಕಾಗುವಲ್ಲಿ 3200 ಬೇಕಾದೀತು, ಅದೇನೂ ದೊಡ್ಡದಲ್ಲ. ಅನುಮಾನ ಬೇರೆ: 600ರಲ್ಲಿ ಗರಿಯ ವಿವರ ಮೆತ್ತಗಾಗಿ ಅಪರ್ಚರ್ (ಬೆಳಕಿನ ಕಿಂಡಿ) ಎಫ್/8ಕ್ಕೆ ಕಿರಿದಾಗಿಸಲೇಬೇಕಾದರೆ, 500ರಲ್ಲಿ ತೆಗೆದು ಕ್ರಾಪ್ ಮಾಡುವುದೇ ಮೇಲಲ್ಲವೇ?

1.4 ಕನ್ವರ್ಟರ್ (ಲೆನ್ಸಿನ ಫೋಕಲ್ ಲೆಂಗ್ತ್ 1.4 ಪಟ್ಟು ಹೆಚ್ಚಿಸುವ ಜೋಡಣೆ) ಮಾತ್ರ ಹೇಳಬೇಡಿ. ಎಫ್/5.6 ಲೆನ್ಸ್ ಎಫ್/8 ಆಗಿ, ಈ ಬಾಡಿಯಲ್ಲಿ ನಡುವಿನ ಒಂದೇ ಫೋಕಸ್ ಪಾಯಿಂಟ್ ಉಳಿಯುತ್ತದೆ. ಮಿಂಚುಳ್ಳಿ ಧುಮುಕಿದರೆ ಮುಗಿಯಿತು.

ಎರಡನ್ನೂ ಬಳಸಿದವರು ಪೂರ್ತಿ ತೆರೆದ ಅಪರ್ಚರ್‌ನಲ್ಲಿ ತೆಗೆದ, ಕ್ರಾಪ್ ಮಾಡದ ಚಿತ್ರ ಹಾಕುವಿರಾ? ಸೆಕೆಂಡ್‌ಹ್ಯಾಂಡ್ ಆದರೆ ಫಂಗಸ್ ಬಿಟ್ಟು ಇನ್ನೇನು ನೋಡಬೇಕು?