‘ದೌ’ ಅಂದ್ರೆ ತಾವೋ, ನೀನೋ?

ಹಳೇಚಪ್ಪಲಿ: ಮಗಳ ಇಂಗ್ಲಿಷ್ ಪದ್ಯದಲ್ಲಿ ‘ದೌ’ (thou) ಬಂತು. ಹಳೇ ಕಾಲದ ಮರ್ಯಾದೆ ಮಾತು, ನಮ್ಮ ‘ತಾವು’ ಇದ್ದ ಹಾಗೆ ಅಂತ ಹೇಳಿಕೊಟ್ಟೆ. ಟೀಚರ್ ತಪ್ಪು ಅಂದ್ರಂತೆ. ಬೈಬಲ್‌ನಲ್ಲಿ ದೇವರನ್ನೇ ‘ದೌ’ ಅಂತಾರಲ್ಲ, ಮರ್ಯಾದೆ ಅಲ್ದೆ ಇನ್ನೇನು?

ಕಾಗುಣಿತ: ಟೀಚರ್ ಹೇಳಿದ್ದೇ ಸರಿ ಸರ್. ಅದು ಅಪ್ಪಟ ಏಕವಚನ. ದೇವರಮನೆಯಲ್ಲಿ ನೀವು ‘ನೀನೇ ಕಾಪಾಡಪ್ಪಾ’ ಅಂತೀರೋ, ‘ತಾವು ಕಾಪಾಡಬೇಕು’ ಅಂತೀರೋ? 1611ರ ಕಿಂಗ್ ಜೇಮ್ಸ್ ಬೈಬಲ್‌ನಲ್ಲಿ ದೇವರಿಗೂ ‘ದೌ’, ಸೈತಾನನಿಗೂ ‘ದೌ’. ಎದುರಿಗೆ ಒಬ್ಬನಿದ್ದರೆ ‘ದೌ’, ಹತ್ತು ಜನ ಇದ್ದರೆ ‘ಯೀ’. ಬರೀ ತಲೆ ಎಣಿಕೆ.

ಗದಗಿನ ಗಾಳಿ: ಬರೇ ಎಣಿಕಿ ಅಲ್ರೀ. 1603ರಾಗ ಇಂಗ್ಲೆಂಡಿನ ನಾವಿಕ ಸರ್ ವಾಲ್ಟರ್ ರಾಲಿ ಮ್ಯಾಲೆ ರಾಜದ್ರೋಹದ ವಿಚಾರಣಿ ನಡೀತು. ಅಟಾರ್ನಿ ಜನರಲ್ ಎಡ್ವರ್ಡ್ ಕೋಕ್ ತುಂಬಿದ ಕೋರ್ಟಿನಾಗ ‘ನಿನಗ ದೌ ಅಂತೀನಿ, ದ್ರೋಹಿ’ ಅಂದ. ‘ದೌ’ ಅನ್ನೋದನ್ನ ಕ್ರಿಯಾಪದ ಮಾಡಿ ಬೈದಾನ. ಏಕವಚನದಾಗ ಮಾತಾಡೋದಽ ಅವಮಾನ.

ಕಾಗುಣಿತ: ಒಪ್ಪಿದೆ, ನಾನು ಅರ್ಧ ಹೇಳಿದ್ದೆ. ಹಳೆಯ ಇಂಗ್ಲಿಷ್‌ನಲ್ಲಿ ಎಣಿಕೆಯೊಂದೇ ಇತ್ತು. 13ನೇ ಶತಮಾನದಿಂದ ಫ್ರೆಂಚರ ರೀತಿ ನೋಡಿ ದೊಡ್ಡವರು ಒಬ್ಬರೇ ಇದ್ದರೂ ಬಹುವಚನದ ‘ಯೀ’, ‘ಯೂ’ ಶುರುವಾಯ್ತು. ಹಾಗಾಗಿ 1611ರ ಬೈಬಲ್ ಭಾಷೆ ಆ ಕಾಲಕ್ಕೇ ಸ್ವಲ್ಪ ಹಳೇದು.

ಒಗ್ಗರಣೆ: ಶೇಕ್ಸ್‌ಪಿಯರ್‌ನ ಹ್ಯಾಮ್ಲೆಟ್ ನಾಟಕದಲ್ಲಿ ತಾಯಿ ಮಗನ ಜಗಳ ನೋಡಿ. ‘ನಿನ್ನ ತಂದೆಯ ಮನಸ್ಸು ನೋಯಿಸಿದ್ದೀಯ’ ಅಂತ ಅವಳು ‘ದೌ’ ಹಾಕಿ ಶುರುಮಾಡ್ತಾಳೆ. ಅವನು ‘ಅಮ್ಮಾ, ನನ್ನ ತಂದೆಯ ಮನಸ್ಸು ನೋಯಿಸಿದ್ದು ನೀವು’ ಅಂತ ‘ಯೂ’ ಹಾಕ್ತಾನೆ. ಮುಂದಿನ ಸಾಲಲ್ಲೇ ಅವಳೂ ‘ಯೂ’ಗೆ ಹಾರ್ತಾಳೆ! ನಮ್ಮಮ್ಮಂಗೆ ಸಿಟ್ಟು ಬಂದ್ರೆ ‘ಬನ್ನಿ ಸಾಹೇಬ್ರೇ, ಊಟ ಮಾಡ್ತೀರೋ’ ಅಂತಾರೆ, ಅದೇ ಇದು. ಈ ಪೆಟ್ಟು ಈಗಿನ ಇಂಗ್ಲಿಷರಿಗಿಂತ ನಮಗೇ ಬೇಗ ತಾಗುತ್ತೆ ಅನ್ಸುತ್ತೆ.

ಹಳೇಚಪ್ಪಲಿ: ಸರಿ, ಸೋತೆ. ಆದ್ರೆ ಇಷ್ಟು ಉಪಯೋಗದ ಪದ ಯಾಕೆ ಬಿದ್ದುಹೋಯ್ತು? ಎಲ್ಲರಿಗೂ ಮರ್ಯಾದೆ ಕೊಡೋಣ ಅಂತಾನಾ?

ಗದಗಿನ ಗಾಳಿ: ಎಲ್ಲಾರೂ ಸಮ ಅಂದವರು ಉಲ್ಟಾ ಮಾಡಿದ್ರು. 17ನೇ ಶತಮಾನದ ಕ್ವೇಕರ್ ಅನ್ನೋ ಕ್ರೈಸ್ತ ಪಂಥದವರು ದೊಡ್ಡ ಮನಷ್ಯಾಗೂ ‘ದೌ’ ಅಂದು ಏಟು ತಿಂದಾರ. ಉತ್ತರ ಇಂಗ್ಲೆಂಡಿನ ಯಾರ್ಕ್‌ಶೈರ್ ಕಡೆ ವಯಸ್ಸಾದವರ ಬಾಯಾಗ ‘ದಾ’ ಅಂತ ಇನ್ನೂ ಉಳದೈತಿ.

ಕಾಗುಣಿತ: ಮರ್ಯಾದೆಗಿಂತ ಅಂಜಿಕೆ ಅಂತ ನನ್ನ ಲೆಕ್ಕ. ಗುರುತಿಲ್ಲದವನಿಗೆ ‘ದೌ’ ಅಂದು ಜಗಳ ಯಾಕೆ? ಬೆಂಗಳೂರಲ್ಲಿ ಆಟೋ ಹತ್ತಿದಾಗ ನಾನೂ ‘ನೀವು’ ಅಂತಲೇ ಶುರುಮಾಡೋದು.

ಒಗ್ಗರಣೆ: ಮೀಟರ್ ಮೇಲೆ ಇಪ್ಪತ್ತು ಕೇಳೋವರೆಗೆ!

ಹಳೇಚಪ್ಪಲಿ: ಇಷ್ಟನ್ನೂ ಮಗಳಿಗೆ ಓದಿ ಹೇಳಿದೆ. ‘ಅಪ್ಪಾ, ದೌ ಆರ್ಟ್ ರಾಂಗ್’ ಅಂತ ಹೇಳಿ ಆಡೋಕೆ ಓಡಿದಳು.